ಚಾಂಪಿಯನ್ನರ ಕುತ್ತಿಗೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೇರೆಯವರ ಬಾಯಿಂದ ಕೇಳಿದರೆ ಅವರು ಅದಕ್ಕೆ ಉಪ್ಪುಖಾರ ಹಚ್ಚುತ್ತಾರೆ, ಆ ಕೆಲಸ ನನಗೇ ಚೆನ್ನಾಗಿ ಬರುತ್ತದೆ. ಭಟ್ಕಳದಿಂದ ಕುಮಟೆಗೆ ಹೋಗುವ ಬೆಳಗಿನ ಮೊದಲ ಬಸ್ಸಿನ ಸ್ಟೇರಿಂಗಿನಿಂದ ಆ ಮನುಷ್ಯನನ್ನು ಐದು ವಾರ ಕೆಳಗಿಳಿಸಿದವನು ನಾನು. ಪೈಪೋಟಿಗೆ ನಿಂತ ಎದುರು ಸರ್ವಿಸಿನವರು ವರ್ಷಗಟ್ಟಲೆ ಹೆಣಗಿದರೂ ಆಗದಿದ್ದದ್ದನ್ನು ಎರಡು ನಿಮಿಷದಲ್ಲಿ ಮಾಡಿ ಮುಗಿಸಿದೆ. ಅದಕ್ಕೆ ಬೇಕಾದದ್ದು ಒಂದು ಕುತ್ತಿಗೆ ಮಾತ್ರ. ಅದನ್ನು ಬಲಗಡೆಗೆ ಹೊರಳಿಸಿ, ಗಲ್ಲವನ್ನು ಭುಜಕ್ಕೆ ತಾಗಿಸಿ, ನಮ್ಮೂರ ವಾಚನಾಲಯದ ಅಂಗಳದಲ್ಲಿ ಕೂತ ಅಷ್ಟೂ ಜನರನ್ನು ನಗಿಸಿದೆ. ಆ ನಗೆಯಲ್ಲಿ ಒಬ್ಬರ ಕೆಲಸವೂ ಮರ್ಯಾದೆಯೂ ಒಟ್ಟಿಗೇ ಹೋಗುವುದರಲ್ಲಿತ್ತು. ನಾನು ಮಾತ್ರ ಚಪ್ಪಾಳೆ ಇನ್ನೂ ಸ್ವಲ್ಪ ಹೊತ್ತು ಬೀಳಬಹುದಿತ್ತು ಎಂದು ಯೋಚಿಸುತ್ತಿದ್ದೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಮಾವಳ್ಳಿಯಿಂದ ಬಂದು ಜಗಳ ಆಡುತ್ತಾರೆ ಎಂದಲ್ಲ. ಬಂದು, ಏನೂ ಹೇಳದೆ, ಎದುರಿಗೆ ಕೂತುಬಿಡುತ್ತಾರೆ. ಅದು ಇನ್ನೂ ಕಷ್ಟ. ಕಳೆದ ತಿಂಗಳು ಅವರು, ಇನ್ನು ಸಾಕು ಎಂದು ತಾವಾಗಿಯೇ, ಬಸ್ಸಿನ ಕೀಲಿಕೈಯನ್ನು ಧನಿಗಳ ಮೇಜಿನ ಮೇಲಿಟ್ಟು, ಖಾಕಿ ಕೋಟನ್ನು ಮಡಚಿ ಕಂಕುಳಲ್ಲಿ ಇರುಕಿಕೊಂಡು, ತಾವೇ ಓಡಿಸುತ್ತಿದ್ದ ಬಸ್ಸಿನಲ್ಲಿ ಟಿಕೆಟು ತೆಗೆಸಿ ಊರಿಗೆ ಹೋದರಂತೆ. ಟಿಕೆಟು ಎಂತಕ್ಕೆ ಎಂದು ಕಂಡಕ್ಟರು ಎಷ್ಟು ಹೇಳಿದರೂ ಕೇಳಲಿಲ್ಲವಂತೆ. ಭಟ್ಕಳ, ಹೊನ್ನಾವರ, ಕುಮಟೆ ಮೂರೂ ಕಡೆಯ ಜನ ಅವರನ್ನು ಕರೆಯುತ್ತಿದ್ದದ್ದು ಚಾಂಪಿಯನ್ ಎಂದು. ಆ ಹೆಸರು ಕೊಟ್ಟವನೂ ನಾನೇ. ಒಳ್ಳೆಯ ಕೆಲಸವನ್ನೂ ಒಂದು ಮಾಡಿದ್ದೇನೆ ಎನ್ನುವುದು ಇಲ್ಲೇ ದಾಖಲಾಗಲಿ, ಮುಂದೆ ಅಂಥದ್ದು ಹೆಚ್ಚು ಸಿಗುವುದಿಲ್ಲ.

ನಾನು ಮುಟ್ಟಳ್ಳಿಯ ಗದ್ದೆ ಮನೆಯವನು, ಕುಮಟೆಯ ಒಂದು ಶಾಲೆಯಲ್ಲಿ ಮಾಸ್ತರು. ಶನಿವಾರ ಶಾಲೆ ಬಿಟ್ಟ ಮೇಲೆ ಊರಿಗೆ ಬರುವುದು, ಸೋಮವಾರ ಬೆಳಗಿನ ಬಸ್ಸಿಗೆ ತಿರುಗಿ ಹೋಗುವುದು. ಪಾಠ ಹೇಳುವುದು ಹೊಟ್ಟೆಪಾಡು, ಜನರ ಅಣಕು ಮಾಡುವುದು ಹುಟ್ಟುಗುಣ. ನಮ್ಮ ಹೆಡ್‌ಮಾಸ್ತರರು ಸೀನುವ ಮುಂಚೆ ಆಕಾಶ ನೋಡುವ ರೀತಿ, ಮಾಮಲೇದಾರ ಕಚೇರಿಯ ಕಾರಕೂನರು ಕನ್ನಡಕದ ಮೇಲಿಂದ ನಮ್ಮನ್ನು ಅಳೆಯುವ ರೀತಿ, ನನ್ನ ಅಮ್ಮ ಎಮ್ಮೆಗೂ ನನಗೂ ಒಂದೇ ಸ್ವರದಲ್ಲಿ ಬಯ್ಯುವ ರೀತಿ, ಎಲ್ಲವೂ ನನ್ನ ಚೀಲದಲ್ಲಿ ಇವೆ. ಇವರನ್ನೆಲ್ಲ ಮಾಡಿ ತೋರಿಸಿ, ಯಾರಾದರೂ ನಕ್ಕರೋ ಇಲ್ಲವೋ ಎಂದು ಓರೆಗಣ್ಣಿನಲ್ಲಿ ನೋಡುತ್ತ ನಿಲ್ಲುವ ಒಬ್ಬ ಬಡಕಲು ಮಾಸ್ತರನನ್ನೂ ಮಾಡುತ್ತೇನೆ. ಅದಕ್ಕೆ ಅಭ್ಯಾಸ ಬೇಕಾಗಿಲ್ಲ.

ಚಾಂಪಿಯನ್ನರು ಮಾತ್ರ ಸುಲಭಕ್ಕೆ ಸಿಗಲಿಲ್ಲ. ಐವತ್ತು ದಾಟಿದ ವಯಸ್ಸು, ಬಿಸಿಲಿಗೆ ಒಣಗಿದ ಮೈ, ಹಲಗೆಯಂಥ ಅಂಗೈ. ಮೀನುಗಾರರ ಮನೆಯಲ್ಲಿ ಹುಟ್ಟಿದವರು, ಮೀಸೆ ಚಿಗುರುವವರೆಗೆ ಅಪ್ಪನ ದೋಣಿಯಲ್ಲಿದ್ದು ಆಮೇಲೆ ಮೋಟಾರಿಗೆ ಬಂದವರು. ಡ್ರೈವರ್ ಸೀಟಿನ ಮೇಲೆ ಹಳೆಯ ಬಲೆಯ ತುಂಡೊಂದನ್ನು ಮಡಚಿ ಹಾಸಿಕೊಳ್ಳುತ್ತಿದ್ದರು. ಭಟ್ಕಳ ಬಿಡುವಾಗ ಎಡದವಡೆಯಲ್ಲಿ ಎಲೆಯಡಿಕೆಯ ಒಂದು ಕವಳ, ಅದು ಮಂಕಿಯವರೆಗೆ. ಹಾರನ್ನಿನ ರಬ್ಬರ್ ಚೆಂಡನ್ನು ಅವರು ಹಿಚುಕಿದ್ದನ್ನು ನಾನು ಕೇಳಿದ್ದು ಬಹಳ ಕಡಿಮೆ. ಬೈಲೂರಿನ ಹತ್ತಿರ ರಸ್ತೆಯ ನಡುವೆ ಎಮ್ಮೆ ಮಲಗಿದ್ದರೆ ಉಳಿದ ಡ್ರೈವರುಗಳು ಹಾರನ್ನು ಹೊಡೆದು, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಅದರ ವಂಶವನ್ನೇ ಬಯ್ಯುತ್ತಿದ್ದರು. ಇವರು ಇಂಜಿನ್ನು ನಿಲ್ಲಿಸಿ, ಕೈಕಟ್ಟಿ, ಎಮ್ಮೆಯನ್ನೇ ನೋಡುತ್ತ ಕೂತುಬಿಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಎಮ್ಮೆಗೇ ಮುಜುಗರವಾಗಿ ಎದ್ದು ಹೋಗುತ್ತಿತ್ತು.

ಅವರ ಹತ್ತಿರ ಇದ್ದದ್ದು ಮೂರು ಮಾತು. ಏನಾದರೂ ಹೇಳಿದರೆ 'ಆತು'. ಅರ್ಥವಾಗದಿದ್ದರೆ 'ಎಂತ?' ಯಾರಾದರೂ ಹೊಗಳಿದರೆ 'ನಸೀಬು'. ಮೂರು ಮಾತಿನ ಮನುಷ್ಯನನ್ನು ಅಣಕು ಮಾಡುವುದು ಎಂದರೆ ಗೋಡೆಯ ಅಣಕು ಮಾಡಿದ ಹಾಗೆ. ಅವರು ನಾಲ್ಕನೆಯ ಮಾತು ಆಡಿದ್ದು ನನಗೆ ಒಮ್ಮೆ ಮಾತ್ರ ಕೇಳಿತ್ತು. ಮುಂದಿನ ಸೀಟಿನಲ್ಲಿ ಕೂತು ನಾನು ಕಂಡಕ್ಟರ ಕೂಗನ್ನು ಮಾಡಿ ತೋರಿಸುತ್ತಿದ್ದೆ. ಬಸ್ಸೆಲ್ಲ ನಗುತ್ತಿತ್ತು, ಕಂಡಕ್ಟರೂ ನಗುತ್ತಿದ್ದ. ಚಾಂಪಿಯನ್ನರು ರಸ್ತೆಯಿಂದ ಕಣ್ಣು ತೆಗೆಯದೆ, "ಕೂಗುಕೆ ಮೊದ್ಲು ಅವ ಮೂಗು ಎಳೀತಾನೆ. ಅದ್ನ ಬಿಟ್ರಿ ಮಾಸ್ತರೆ" ಎಂದರು. ಮಾರನೆಯ ವಾರ ಗಮನಿಸಿದೆ. ಹೌದು, ಎಳೆಯುತ್ತಾನೆ. ಎರಡು ವರ್ಷ ಆ ಕಂಡಕ್ಟರನ್ನು ಅಣಕಿಸಿದ ನನಗೆ ಕಾಣದ್ದು ಅವನಿಗೆ ಬೆನ್ನು ಹಾಕಿ ಕೂತವರಿಗೆ ಕಂಡಿತ್ತು. ಆವತ್ತೇ ನನಗೆ ಬುದ್ಧಿ ಬರಬೇಕಾಗಿತ್ತು. ಬರಲಿಲ್ಲ.

ಈಗ ರೇಸಿನ ಸಂಗತಿ. ಹೊನ್ನಾವರದ ಹತ್ತಿರ ಶರಾವತಿಗೆ ಸೇತುವೆ ಇಲ್ಲ. ಬರುತ್ತದೆ ಬರುತ್ತದೆ ಎಂದು ನಾನು ಚಡ್ಡಿ ಹಾಕುತ್ತಿದ್ದಾಗಿನಿಂದ ಕೇಳುತ್ತಿದ್ದೇನೆ. ಈಚೆ ದಡದ ಕಾಸರಕೋಡಿನಲ್ಲಿ ಬಸ್ಸು ಜಂಗಲ್ ಹತ್ತಬೇಕು. ಜಂಗಲ್ ಎಂದರೆ ಎರಡು ದೊಡ್ಡ ದೋಣಿ ಜೋಡಿಸಿ ಮೇಲೆ ಹಲಗೆ ಹೊಡೆದದ್ದು. ಒಂದು ಸಲಕ್ಕೆ ಒಂದೇ ಬಸ್ಸು. ತಪ್ಪಿತೋ, ಅದು ಆಚೆ ಮುಟ್ಟಿ ತಿರುಗಿ ಬರುವವರೆಗೆ ಮರಳಿನಲ್ಲಿ ನಿಂತು ಕಾಗೆ ನೋಡುತ್ತಿರಬೇಕು. ಅಷ್ಟರಲ್ಲಿ ಕುಮಟೆಯಲ್ಲಿ ಹುಬ್ಬಳ್ಳಿ ಬಸ್ಸು ಹೋಗಿರುತ್ತದೆ, ಕೋರ್ಟಿನಲ್ಲಿ ಹೆಸರು ಕೂಗಿ ಆಗಿರುತ್ತದೆ, ನಮ್ಮ ಶಾಲೆಯಲ್ಲಿ ಗಂಟೆ ಹೊಡೆದಿರುತ್ತದೆ. ಬೆಳಗಿನ ಹೊತ್ತಿಗೆ ಭಟ್ಕಳ ಬಿಡುವುದು ಎರಡು ಸರ್ವಿಸಿನ ಎರಡು ಬಸ್ಸು, ಒಂದೇ ಗಳಿಗೆಗೆ. ಇನ್ನು ಹೇಳಬೇಕಾಗಿಲ್ಲವಲ್ಲ.

ಬರೀ ಓಡಿಸಿದರೆ ಸಾಲದು, ಅದೇ ಇಲ್ಲಿನ ತಮಾಷೆ. ಕಾಸರಕೋಡಿನಲ್ಲಿ ಧಕ್ಕೆ, ಅಂದರೆ ಜಂಗಲ್ ಬಂದು ತಾಗುವ ಕಟ್ಟೆ, ಎರಡು. ಹೊಳೆಯಲ್ಲಿ ನೀರು ತುಂಬಿದ್ದರೆ ಜಂಗಲ್ ಮೇಲಿನ ಧಕ್ಕೆಗೆ ಬರುತ್ತದೆ. ನೀರಿಳಿದು ಮರಳಿನ ದಿಬ್ಬ ಎದ್ದರೆ ಕೆಳಗಿನ ಧಕ್ಕೆಗೆ. ಗಾಳಿಮರದ ತೋಪಿನ ಈಚೆಗೇ ದಾರಿ ಎರಡಾಗುತ್ತದೆ, ಅಲ್ಲಿಂದ ಹೊಳೆ ಕಾಣುವುದಿಲ್ಲ. ತಪ್ಪು ದಾರಿಗೆ ನುಗ್ಗಿದ ಬಸ್ಸು ಆ ಮರಳಿನಲ್ಲಿ ತಿರುಗುವ ಹಾಗಿಲ್ಲ, ಹಿಂದೆ ಹಿಂದೆಯೇ ಬರಬೇಕು. ಎದುರು ಸರ್ವಿಸಿನ ಡ್ರೈವರು ಘಟ್ಟದ ಮೇಲಿನವನು, ಗಾಳಿಯ ಹಾಗೆ ಓಡಿಸುತ್ತಿದ್ದ. ನಿನ್ನೆ ಯಾವ ಧಕ್ಕೆಯೋ ಇವತ್ತೂ ಅದೇ ಎನ್ನುವುದು ಅವನ ಲೆಕ್ಕ. ಸುಮಾರು ದಿನ ಅದು ಸರಿಯೇ ಆಗುತ್ತಿತ್ತು, ಕೆಲವು ದಿನ ಮಣ್ಣು ಮುಕ್ಕುತ್ತಿತ್ತು. ನಮ್ಮವರ ಲೆಕ್ಕ ಯಾರಿಗೂ ತಿಳಿಯದು. ಒಂದು ದಿನ ಜೋರಾಗಿ ಹೋಗುವುದು, ಇನ್ನೊಂದು ದಿನ ಮಂಕಿಯಲ್ಲಿ ಬಸ್ಸು ನಿಲ್ಲಿಸಿ ನಿಧಾನವಾಗಿ ಹೊಸ ಕವಳ ಕಟ್ಟುವುದು. ಎದುರಿನವನು ಧೂಳೆಬ್ಬಿಸಿ ದಾಟಿ ಹೋಗುತ್ತಾನೆ, ಒಳಗೆ ಕೂತ ನಮಗೆ ಪಿತ್ತ ಕೆದರುತ್ತದೆ. ಕಾಸರಕೋಡಿಗೆ ಹೋಗಿ ನೋಡಿದರೆ ಅವನು ಇನ್ನೊಂದು ಧಕ್ಕೆಯಿಂದ ಹಿಂದೆ ಹಿಂದೆ ಬರುತ್ತಿರುತ್ತಾನೆ, ಜಂಗಲ್ ನಮ್ಮ ಎದುರಿಗೆ ನಿಂತಿರುತ್ತದೆ.

ಹೀಗಾಗಿ ಬಸ್ಸಿನಲ್ಲಿ ಎರಡು ಪಕ್ಷ ಹುಟ್ಟಿದ್ದವು. ಇದೆಲ್ಲ ಕೈಗುಣ, ವಿದ್ಯೆ ಎನ್ನುವುದು ಕಂಡಕ್ಟರ ಪಕ್ಷ. ಅವನು ಕೊಂಕಣಿಯಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುವ ಮನುಷ್ಯ. ವಿದ್ಯೆ ಎಂತದು ಎಂದು ಕೇಳಿದರೆ ಎರಡು ಭಾಷೆಯಲ್ಲೂ ಉತ್ತರ ಇರಲಿಲ್ಲ. ಬರೀ ನಸೀಬು ಎನ್ನುವುದು ನನ್ನ ಪಕ್ಷ. ನನಗೆ ಸಾಕ್ಷಿಯೂ ಇತ್ತು: ಸ್ವತಃ ಡ್ರೈವರೇ ನಸೀಬು ಎನ್ನುತ್ತಾರಲ್ಲ. ಆಗಲೇ ವಾಚನಾಲಯಕ್ಕೆ ಬರುವ ಒಂದು ಪತ್ರಿಕೆಯಲ್ಲಿ ಯಾವುದೋ ದೇಶದ ರೇಸ್ ಗೆದ್ದವನ ಚಿತ್ರ ಬಂದಿತ್ತು. ಚುಟ್ಟದಂಥ ಕಾರು, ಕಣ್ಣಿಗೆ ಗಾಜು, ಕೊರಳಿಗೆ ಹಾರ. ಇವನು ಗೆದ್ದದ್ದು ಅದೃಷ್ಟದಿಂದಲೋ ಸಾಮರ್ಥ್ಯದಿಂದಲೋ ಎಂದು ಹಿರಿಯರೆಲ್ಲ ಸಂಜೆಯವರೆಗೆ ಜಗಳವಾಡಿದರು. ಅವರಲ್ಲಿ ಒಬ್ಬರೂ ಸೈಕಲ್ಲು ಕೂಡ ಹತ್ತಿದವರಲ್ಲ. ಅಷ್ಟು ದೂರ ಎಂತಕ್ಕೆ, ನಮ್ಮಲ್ಲೇ ಒಬ್ಬ ಚಾಂಪಿಯನ್ ಇದ್ದಾರಲ್ಲ ಎಂದೆ. ಹೆಸರು ಅಲ್ಲೇ ಅಂಟಿಕೊಂಡಿತು. ಮುಂದಿನ ತಿಂಗಳ ವಾರ್ಷಿಕೋತ್ಸವಕ್ಕೆ ಅದನ್ನೇ ಮಾಡಿ ತೋರಿಸಪ್ಪಾ ಎಂದು ಅವರೇ ಹುರಿದುಂಬಿಸಿದರು. ನನ್ನನ್ನು ಹುರಿದುಂಬಿಸಲು ಯಾರೂ ಬೆವರು ಸುರಿಸಬೇಕಾಗಿಲ್ಲ.

ಬಲೆಯ ಮೆತ್ತೆ, ಕವಳ, ಎಮ್ಮೆ, ಎಲ್ಲ ಸೇರಿಸಿದರೂ ಅಣಕು ಮೇಲೇಳಲಿಲ್ಲ. ಆಗ ಸಿಕ್ಕಿದ್ದು ಕುತ್ತಿಗೆ. ಶಿರಾಲಿಯ ಹೊಳೆಯ ಸೇತುವೆ ಹತ್ತಿದ ಕೂಡಲೆ ಅವರು ಬಸ್ಸನ್ನು ನಿಧಾನ ಮಾಡಿ, ಕುತ್ತಿಗೆಯನ್ನು ಪೂರಾ ಬಲಕ್ಕೆ ಹೊರಳಿಸಿ ಹೊಳೆಯ ಕಡೆ ನೋಡುತ್ತಿದ್ದರು. ದಿನಾ. ನಾನು ಕೂತ ಸೋಮವಾರ ಒಂದೂ ತಪ್ಪಿದ್ದಿಲ್ಲ, ಉಳಿದ ದಿನವೂ ಹಾಗೇ ಎಂದ ಕಂಡಕ್ಟರು. ಆ ಹೊಳೆಯಲ್ಲಿ ಬೆಳಿಗ್ಗೆ ಹೆಂಗಸರು ಸೀರೆ ಎತ್ತಿ ಕಟ್ಟಿ, ಬಗ್ಗಿ, ಬಳಚು ಹೆಕ್ಕುತ್ತಿರುತ್ತಾರೆ. ಮರಳಿನ ಕೆಳಗೆ ಸಿಗುವ ಚಿಪ್ಪಿನ ಮೀನು ಅದು. ನನಗೆ ಅಷ್ಟು ಸಾಕಾಯಿತು. ಅಂಗಳದಲ್ಲಿ ಕುರ್ಚಿಯ ಮೇಲೆ ಬಲೆ ಹಾಸಿ, ಸ್ಟೇರಿಂಗಿಗೆ ಪಾತ್ರೆಯ ಮುಚ್ಚಳ ಹಿಡಿದು, ಕುತ್ತಿಗೆ ಹೊರಳಿಸಿ, ಒಂದು ನಿಟ್ಟುಸಿರು ಬಿಟ್ಟು, ತುಟಿ ಒದ್ದೆ ಮಾಡಿಕೊಂಡು, 'ನಸೀಬು' ಎಂದೆ. ನಿಟ್ಟುಸಿರೂ ತುಟಿಯೂ ಅವರದಲ್ಲ, ನನ್ನದು. ಆದರೆ ಜನ ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿ ಬಸ್ಸಿನ ಧನಿಗಳಾದ ಸಾಹೇಬರು ಕೂತಿದ್ದರು. ಎಮ್ಮೆಗೆ ಅವರೂ ನಕ್ಕಿದ್ದರು. ಕುತ್ತಿಗೆಗೆ ನಗಲಿಲ್ಲ.

ಸಾಹೇಬರು ಮುಂಬಯಿಯಲ್ಲಿ ವ್ಯಾಪಾರ ಮಾಡಿ ಬಂದು ಊರಿನಲ್ಲಿ ಬಸ್ಸು ಹಾಕಿದವರು. ಬಸ್ಸು ಹಳೆಯದಾದರೂ ಸರಿ, ಅದರಲ್ಲಿ ಕೂತ ಹೆಣ್ಣುಮಕ್ಕಳಿಗೆ, ಅದು ಹೋಗುವ ದಾರಿಯ ಹೆಣ್ಣುಮಕ್ಕಳಿಗೆ ಒಂದು ಮಾತು ಬರಬಾರದು ಎನ್ನುವವರು. ಮಾರನೆಯ ದಿನ ಡ್ರೈವರನ್ನು ಕರೆಸಿ ಒಂದೇ ಪ್ರಶ್ನೆ ಕೇಳಿದರಂತೆ: ಸೇತುವೆಯ ಮೇಲೆ ನೀವು ಆ ಹೆಂಗಸರ ಕಡೆ ನೋಡುವುದು ಹೌದೋ ಅಲ್ಲವೋ?

"ನೋಡುದು ಹೌದು" ಎಂದರಂತೆ ಇವರು. ಅಷ್ಟೇ. ಎಂತಕ್ಕೆ ಎಂದು ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಬೆಳಗಿನ ಬಸ್ಸು ಸಾಹೇಬರ ಸಂಬಂಧಿಕನೊಬ್ಬನ ಕೈಗೆ ಹೋಯಿತು. ಮುಂಬಯಿಯಲ್ಲಿ ಟ್ಯಾಕ್ಸಿ ಓಡಿಸಿದವನು, ಒಳ್ಳೆಯ ಹುಡುಗ. ಚಾಂಪಿಯನ್ನರಿಗೆ ಮಧ್ಯಾಹ್ನದ ಮೇಲೆ ಮುರುಡೇಶ್ವರದವರೆಗೆ ಹೋಗಿಬರುವ ಸಣ್ಣ ಬಸ್ಸು. ಎರಡು ತಿಂಗಳು ಕಳೆದ ಮೇಲೆ ಅದೂ ಇಲ್ಲವಂತೆ ಎಂದು ಕಂಡಕ್ಟರು ಹೇಳಿದ. ಹೇಳುವ ಮುಂಚೆ ಮೂಗು ಎಳೆದ. ನನಗೆ ನಗು ಬರಲಿಲ್ಲ.

ಆಮೇಲಿನ ಐದು ಸೋಮವಾರಗಳಲ್ಲಿ ಮೂರು ಸಲ ನಮಗೆ ಜಂಗಲ್ ತಪ್ಪಿತು. ಹುಬ್ಬಳ್ಳಿ ಬಸ್ಸು ತಪ್ಪಿಸಿಕೊಂಡವರು ಕುಮಟೆಯ ಸ್ಟ್ಯಾಂಡಿನಲ್ಲಿ ಗಂಟುಮೂಟೆಯ ಮೇಲೆ ಕೂತು ನನ್ನನ್ನು ನೋಡುತ್ತಿದ್ದರು. ಹೆಡ್‌ಮಾಸ್ತರರು ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಕೆಳಗೆ ಕೆಂಪು ಗೆರೆ ಎಳೆದು, ಮಕ್ಕಳೆಲ್ಲ ಬಂದು ಕೂತಿದ್ದಾರೆ, ಪಾಠ ಮಾತ್ರ ಇನ್ನೂ ಹೊಳೆ ದಾಟಿಲ್ಲ ಎಂದರು. ಅದನ್ನೂ ಸಹಿಸಬಹುದಾಗಿತ್ತು. ಸಹಿಸಲಾಗದ್ದು ಬೇರೆ. ಒಂದು ದಿನ ರಜೆಯಲ್ಲಿ ಊರಿನಲ್ಲಿದ್ದಾಗ, ಮಾತನಾಡಿಸೋಣ ಎಂದು ಅವರ ಮಧ್ಯಾಹ್ನದ ಬಸ್ಸು ಹತ್ತಿದೆ. ನನ್ನನ್ನು ಕಂಡು, ಬನ್ನಿ ಮಾಸ್ತರೆ ಎಂದು ಮುಂದಿನ ಸೀಟಿನಲ್ಲಿದ್ದ ತಮ್ಮ ಕೋಟನ್ನು ತೆಗೆದು ಜಾಗ ಮಾಡಿಕೊಟ್ಟರು. ಮುಖದಲ್ಲಿ ಬೇಸರವಿಲ್ಲ, ಸಿಟ್ಟಿಲ್ಲ. ಶಿರಾಲಿಯ ಸೇತುವೆ ಬಂತು. ಬಸ್ಸು ನಿಧಾನವಾಗಲಿಲ್ಲ. ಕುತ್ತಿಗೆ ಹೊರಳಲಿಲ್ಲ. ನೆಟ್ಟ ಕಂಬದ ಹಾಗೆ ನೇರ ಇತ್ತು, ಸೇತುವೆ ದಾಟುವವರೆಗೆ ರೆಪ್ಪೆ ಕೂಡ ಹೊಡೆಯಲಿಲ್ಲವೇನೋ. ಅವರ ಕುತ್ತಿಗೆಯನ್ನು ನಾನು ಅಣಕಿಸಿದ್ದೆ ಎಂದುಕೊಂಡಿದ್ದೆ, ಕಸಿದುಕೊಂಡೇ ಬಂದಿದ್ದೆ. ಅದು ಈಗ ಈ ಪ್ರಪಂಚದಲ್ಲಿ ನನ್ನ ಹತ್ತಿರ ಮಾತ್ರ ಇತ್ತು.

ಐದನೆಯ ಸೋಮವಾರ, ಹೊಸ ಹುಡುಗನ ಬಸ್ಸಿನಲ್ಲಿ, ಸೇತುವೆಯ ಮೇಲೆ ನಾನೇ ಅದನ್ನು ಹೊರಳಿಸಿ ನೋಡಿದೆ. ನಿಟ್ಟುಸಿರು ಇಲ್ಲದೆ, ತುಟಿ ಇಲ್ಲದೆ, ಅವರು ಮಾಡುತ್ತಿದ್ದಂತೆಯೇ: ಗಲ್ಲ ಭುಜಕ್ಕೆ, ಹುಬ್ಬು ಕೆಳಗೆ. ಅಣಕು ಮಾಡುವವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಕುತ್ತಿಗೆಯನ್ನು ಸರಿಯಾಗಿ ಇಟ್ಟರೆ ಕಣ್ಣು ತಾನಾಗಿ ಅವರ ಕಣ್ಣು ಹೋದಲ್ಲಿಗೇ ಹೋಗುತ್ತದೆ. ನನ್ನ ಕಣ್ಣು ಯಾವ ಹೆಂಗಸಿನ ಮುಖಕ್ಕೂ ಹೋಗಲಿಲ್ಲ. ಮುಖ ನೋಡಬೇಕಾದರೆ ಗಲ್ಲ ಇನ್ನೂ ಮೇಲೆ ಇರಬೇಕು. ಅದು ಹೋಗಿ ನಿಂತದ್ದು ನೀರಿನ ಗೆರೆಯ ಮೇಲೆ. ಆವತ್ತು ನೀರು ಆ ಹೆಂಗಸರ ಮೊಣಕಾಲಿನ ಕೆಳಗೆ ಇತ್ತು. ಕಾಸರಕೋಡಿನಲ್ಲಿ ಹೊಸ ಹುಡುಗ ಮೇಲಿನ ಧಕ್ಕೆಗೆ ಹೋದ. ಜಂಗಲ್ ಕೆಳಗಿನ ಧಕ್ಕೆಯಲ್ಲಿತ್ತು.

ನಾನು ಗದ್ದೆಯ ಪೈಕಿಯವನು, ಮಳೆ ಗೊತ್ತು, ಸಮುದ್ರದ ಏರಿಳಿತ ಗೊತ್ತಿಲ್ಲ. ಆದರೂ ಕಡಲ ನೀರು ಇಳಿದರೆ ಶಿರಾಲಿಯ ಹೊಳೆಯೂ ಇಳಿಯುತ್ತದೆ, ಶರಾವತಿಯೂ ಇಳಿಯುತ್ತದೆ ಎಂಬಷ್ಟು ತಲೆಗೆ ಹೋಯಿತು. ಆ ಶನಿವಾರ ಊರಿಗೆ ಬರುವಾಗ ಸೇತುವೆಯ ಹತ್ತಿರ ಇಳಿದೆ. ರಸ್ತೆಯ ಬದಿಯಲ್ಲಿ ಮುದುಕಿಯೊಬ್ಬಳು ಬಳಚಿನ ರಾಶಿ ಇಟ್ಟುಕೊಂಡು ಕೂತಿದ್ದಳು. ಡ್ರೈವರ ಬಗ್ಗೆ ಕೇಳಿದೆ. ಅವಳು ಅವರ ಚಿಕ್ಕಮ್ಮ ಎಂದು ತಿಳಿದದ್ದು ಆಮೇಲೆ. ನಾನು ಯಾರು ಎಂದು ಅವಳಿಗೆ ಕೇಳುವ ಮುಂಚೆಯೇ ತಿಳಿದಿತ್ತು.

"ಕುತ್ತಿಗೆ ಮಾಸ್ತರು ನೀವೇ ಅಲ್ದಾ?" ಎಂದಳು. "ನಂಗೆ ಅರವತ್ತು ದಾಟಿತು. ನನ್ನ ಕಾಲು ನೋಡುಕೆ ಅಂವ ಬಸ್ಸು ನಿಧಾನ ಮಾಡ್ತ ಅಂತ ಊರೆಲ್ಲ ಹೇಳಿದ್ರಿ. ನಂಗೆ ಖುಷಿಯೇ ಆತು ಬಿಡಿ. ಆದ್ರೆ ಇಬ್ರು ಹೆಣ್ಮಕ್ಳಿಗೆ ಮನೇಲಿ ಹೊಳಿಗೆ ಹೋಗೂದು ಬೇಡ ಅಂದ್ರು. ಅವ್ರ ಬಳಚು ಈಗ ಯಾರು ಹೆಕ್ಕೂದು, ನೀವಾ?"

ಎಲ್ಲರ ದನಿಯೂ ಬರುವ ನಾನು ಅವಳ ರಾಶಿಯ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತೆ. ಅವಳೇ ಕನಿಕರಪಟ್ಟು ಉಳಿದದ್ದನ್ನು ಹೇಳಿಕೊಟ್ಟಳು. ಅವನ ತಾಯಿ ಇದೇ ಹೊಳೆಯಲ್ಲಿ ಬಳಚು ಹೆಕ್ಕಿ ಅವನನ್ನು ಸಾಕಿದ್ದು. ನೀರು ಎಲ್ಲಿಯವರೆಗಿದೆ ಎಂದು ನೋಡಿದರೆ ಅರ್ಧ ತಿಳಿಯುತ್ತದೆ, ಇನ್ನರ್ಧ ಬುಟ್ಟಿಯಲ್ಲಿರುತ್ತದೆ. ಹೆಂಗಸರು ಖಾಲಿ ಬುಟ್ಟಿ ಇಟ್ಟುಕೊಂಡಿದ್ದರೆ ಈಗಷ್ಟೇ ಬಂದವರು, ನೀರು ಇನ್ನೂ ಇಳಿಯುವುದಿದೆ. ಬುಟ್ಟಿ ತುಂಬಿದ್ದರೆ ಕೆಲಸ ಮುಗಿಯಿತು, ನೀರು ಏರಲು ತೊಡಗಿದೆ. ಅಲ್ಲಿಂದ ಕಾಸರಕೋಡು ಮುಟ್ಟುವ ಹೊತ್ತಿಗೆ ಎಷ್ಟಾಗಿರುತ್ತದೆ ಎಂದು ದೋಣಿಯಲ್ಲಿ ಬೆಳೆದವನಿಗೆ ಕೂಡಿಸುವುದು ಕಷ್ಟವಲ್ಲ. ಮತ್ತೆ ಇದನ್ನು ಸಾಹೇಬರಿಗೆ ಯಾಕೆ ಹೇಳಲಿಲ್ಲ, ಯಾವಾಗಲೂ ನಸೀಬು ಎನ್ನುವುದು ಯಾಕೆ ಎಂದೆ. ಮುದುಕಿ ನನ್ನನ್ನು ಸಣ್ಣ ಮಗುವಿನ ಹಾಗೆ ನೋಡಿದಳು. ಬಲೆ ಎಲ್ಲಿ ಬಿಟ್ಟೆ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಹೇಳುವ ಪದ್ಧತಿ ಇಲ್ಲ, ನಸೀಬಿಗೆ ಸಿಕ್ಕಿತು ಎನ್ನುವುದೇ ಪದ್ಧತಿ ಎಂದಳು. ಅದು ಅಹಂಕಾರವೂ ಅಲ್ಲ, ವಿನಯವೂ ಅಲ್ಲ. ಮನೆಯ ನಡವಳಿಕೆ.

ನಾನು ಮುಟ್ಟಳ್ಳಿಗೆ ಹೋಗಲಿಲ್ಲ, ನೇರ ಸಾಹೇಬರ ಮನೆಗೆ ಹೋದೆ. ನಿಟ್ಟುಸಿರು ನನ್ನದು, ತುಟಿ ನನ್ನದು, ಕುತ್ತಿಗೆ ಮಾತ್ರ ಅವರದು, ಅದು ನೋಡುತ್ತಿದ್ದದ್ದು ನೀರನ್ನು ಎಂದು ಹೇಳಿದೆ. ನಡುವೆ ಎರಡು ಸಲ ನೀರು ಕೇಳಿದೆ. ಸಾಹೇಬರು ಕೊನೆಯವರೆಗೆ ಕೇಳಿ, ನೀವು ಹೇಳಿದ್ದನ್ನು ನಂಬಿ ಒಮ್ಮೆ ತಪ್ಪು ಮಾಡಿದೆ, ಈ ಸಲ ಕಣ್ಣಲ್ಲೇ ನೋಡುತ್ತೇನೆ ಎಂದರು. ಸೋಮವಾರ ಬೆಳಿಗ್ಗೆ ಚಾಂಪಿಯನ್ನರಿಗೆ ಸ್ಟೇರಿಂಗು, ಅವರ ಬೆನ್ನ ಹಿಂದಿನ ಸೀಟಿನಲ್ಲಿ ಕೊಡೆ ಹಿಡಿದು ಸಾಹೇಬರು, ಪಕ್ಕದಲ್ಲಿ ನಾನು. ಸುದ್ದಿ ಹೇಗೆ ಹಬ್ಬಿತ್ತೋ, ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಜಂಗಲ್ ತಪ್ಪಿದರೆ ಆ ಮನುಷ್ಯ ಸಂಜೆಯಿಂದ ಮನೆಯಲ್ಲೇ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಹಿಂದಿನ ದಿನ ಜಂಗಲ್ ಕೆಳಗಿನ ಧಕ್ಕೆಯಲ್ಲಿತ್ತು ಎಂದು ಕಂಡಕ್ಟರು ನನ್ನ ಕಿವಿಯಲ್ಲಿ ಹೇಳಿದ.

ಶಿರಾಲಿಯ ಸೇತುವೆ ಬಂತು. ಕುತ್ತಿಗೆ ನೇರವಾಗಿಯೇ ಇತ್ತು. ಇವರು ನೋಡದೇ ಹೋದರೆ ನಾನು ಹೇಳಿದ್ದೆಲ್ಲ ಮಣ್ಣು. ನಾನು ಕೂಗಿ ಹೇಳೋಣವೇ ಎಂದುಕೊಳ್ಳುವಷ್ಟರಲ್ಲಿ ಸಾಹೇಬರು ಮುಂದಕ್ಕೆ ಬಾಗಿದರು.

"ಡ್ರೈವರ್ ಸಾಹೇಬ್, ಹೊಳೆ ನೋಡಿ" ಎಂದರು. ಎಲ್ಲರಿಗೂ ಕೇಳುವ ಹಾಗೆ. "ನಾನು ಹೇಳ್ತಾ ಇದ್ದೇನೆ. ನೋಡಿ."

ಬಸ್ಸು ನಿಧಾನವಾಯಿತು. ಕುತ್ತಿಗೆ ಹೊರಳಿತು. ಅದರ ಜೊತೆಗೆ ಬಸ್ಸಿನ ಅಷ್ಟೂ ಕುತ್ತಿಗೆಗಳು ಹೊರಳಿದವು. ಹೊಳೆ ದಡದವರೆಗೆ ತುಂಬಿತ್ತು, ಇಳಿಯಲು ಇನ್ನೂ ಬಹಳ ಹೊತ್ತು ಬೇಕಿತ್ತು. ಹೆಂಗಸರು ಇನ್ನೂ ನೀರಿಗೆ ಇಳಿದಿರಲಿಲ್ಲ, ಬುಟ್ಟಿ ಬೋರಲು ಹಾಕಿಕೊಂಡು ದಡದಲ್ಲಿ ಕೂತಿದ್ದರು. ಚಿಕ್ಕಮ್ಮ ಎದ್ದು ನಿಂತು ತನ್ನ ಬುಟ್ಟಿಯನ್ನು ಎತ್ತಿ, ತಿರುಗಿಸಿ, ಖಾಲಿ ಎಂದು ನಮಗೆಲ್ಲ ತೋರಿಸಿದಳು. ನನಗೆ ಪ್ರತ್ಯೇಕವಾಗಿ ಇನ್ನೊಮ್ಮೆ ತೋರಿಸಿದಳು.

"ಆತು" ಎಂದರು ಚಾಂಪಿಯನ್ನರು.

ಬೈಲೂರಿನಲ್ಲಿ ಎದುರು ಸರ್ವಿಸಿನವನು ನಮ್ಮನ್ನು ದಾಟಿ ಹೋದ. ಇವರು ಮಂಕಿಯಲ್ಲಿ ಬಸ್ಸು ನಿಲ್ಲಿಸಿ ಇಳಿದು, ಎಲೆ ಒರೆಸಿ, ಸುಣ್ಣ ಹಚ್ಚಿ, ಕವಳ ಕಟ್ಟಿದರು. ಸಾಹೇಬರು ಕೊಡೆಯ ಹಿಡಿಯನ್ನು ಹಿಂಡುತ್ತಿದ್ದರು. ಕಾಸರಕೋಡಿನ ತೋಪಿನ ಹತ್ತಿರ ಬಂದಾಗ ಮರಳಿನ ಮೇಲೆ ಎದುರಿನ ಬಸ್ಸಿನ ಹೊಸ ಗುರುತು ಕೆಳಗಿನ ಧಕ್ಕೆಯ ಕಡೆ ಹೋಗಿತ್ತು. ಇವರು ಮೇಲಿನ ದಾರಿಗೆ ತಿರುಗಿಸಿದರು. ಧಕ್ಕೆಗೆ ಬಂದರೆ ಜಂಗಲ್ ಇಲ್ಲ. ಬರೀ ನೀರು. ಹಿಂದಿನ ಸೀಟಿನಲ್ಲಿ ಯಾರೋ ಲೊಚಗುಟ್ಟಿದರು. ನಾನು ಕಣ್ಣು ಮುಚ್ಚಿಕೊಂಡೆ, ಮಾಸ್ತರಿಕೆ ಬಿಟ್ಟು ಬಳಚು ಹೆಕ್ಕಲು ಕಲಿಯಬೇಕಾದೀತು ಎಂದುಕೊಂಡೆ. ಕಣ್ಣು ತೆರೆದಾಗ ಜಂಗಲ್ ತಿರುವು ದಾಟಿ ನಮ್ಮ ಕಡೆಗೇ ಬರುತ್ತಿತ್ತು.

ಹೊಳೆಯ ನಡುವೆ, ಜಂಗಲ್ಲಿನ ಹಲಗೆಯ ಮೇಲೆ ನಾವೆಲ್ಲ ಇಳಿದು ನಿಂತಿದ್ದೆವು. ದೂರದಲ್ಲಿ ಎದುರು ಸರ್ವಿಸಿನ ಬಸ್ಸು ಹಿಂದೆ ಹಿಂದೆ ಬರುತ್ತಿದ್ದದ್ದು ಕಾಣುತ್ತಿತ್ತು. ಕಂಡಕ್ಟರು ಎರಡು ಭಾಷೆಯಲ್ಲೂ ಗೆದ್ದಿದ್ದ. ನಸೀಬಿನ ಪಕ್ಷದ ಕೆಲವರು ಮಾತ್ರ, ಹೆಂಗಸರು ಇವತ್ತು ಹೊಳೆಗೆ ಬಾರದಿದ್ದರೆ ಏನಾಗುತ್ತಿತ್ತು ಎಂದು ಇನ್ನೂ ಗೊಣಗುತ್ತಿದ್ದರು. ಸಾಹೇಬರು ಚಾಂಪಿಯನ್ನರ ಕೈ ಹಿಡಿದುಕೊಂಡು, ತಮ್ಮಿಂದ ತಪ್ಪಾಯಿತು ಎಂದರು, ನಾಳೆಯಿಂದ ಈ ಬಸ್ಸು ನಿಮ್ಮದೇ ಎಂದರು. ಆಮೇಲೆ ಎಲ್ಲರ ಎದುರಿಗೆ ಕೇಳಿದರು: ಇಷ್ಟು ವರ್ಷ ಗೆದ್ದದ್ದು ನಿಮ್ಮ ತಿಳುವಳಿಕೆಯಿಂದ. ಅದನ್ನು ನಸೀಬು ನಸೀಬು ಎಂದು ಎಲ್ಲರನ್ನೂ ಯಾಕೆ ನಂಬಿಸಿದಿರಿ, ಈಗಲಾದರೂ ಖರೆ ಹೇಳಿ.

ಅವರು ಕವಳ ಉಗಿದರು. ಬಾಯಿ ಒರೆಸಿಕೊಂಡರು. ಸಾಹೇಬರನ್ನು ನೋಡಿದರು, ಆಮೇಲೆ ಕುತ್ತಿಗೆ ಹೊರಳಿಸಿ ನನ್ನನ್ನು ನೋಡಿದರು.

"ಖರೆಯೇ ಹೇಳೂದು ಸಾಹೇಬ್ರೆ, ನಸೀಬೇ. ಹೊಳೆ ಎಲ್ಲರ ಕಿಟಕೀಲೂ ಇತ್ತು. ಮಾಸ್ತರಿಂದ ಹಿಡ್ದು ಎಲ್ರೂ ನನ್ನ ಕುತ್ತಿಗೆ ನೋಡ್ತಾ ಕೂತ್ರು, ನೀರು ಒಬ್ರೂ ನೋಡ್ಲಿಲ್ಲ. ಇದ್ಕಿಂತ ನಸೀಬು ಇನ್ನೆಂತ ಬೇಕು?"